ಕಿರುಬೆರಳು

ಪಿಟೀಲಿನ ಹೊಟ್ಟೆಯಲ್ಲಿ ಗಿಲಕಿಹಾವಿನ ಬಾಲದ ತುಂಡು.
ತೇವ ಹಿಡಿಯದಿರಲಿ ಅಂತ, ಎನ್ನುತ್ತಿದ್ದ ಆರ್ಡೆಲ್ ಅಜ್ಜ.
ಇಲಿ ಹತ್ತಿರ ಸುಳಿಯದಿರಲಿ ಅಂತಲೂ.
ದಿನಕ್ಕೊಂದು ಕಾರಣ.

ಟಲೈಥಾಗೆ ಹದಿನೇಳು.
ಹಗಲು ಪೆಟ್ರೋಲ್ ಬಂಕಿನಲ್ಲಿ ಚಿಲ್ಲರೆ ಎಣಿಸುತ್ತಾಳೆ.
ಕೆಂಟಕಿಯ ಕಣಿವೆಗೆ ಕತ್ತಲು ಬೇಗ;
ಜಗಲಿಯಲ್ಲಿ ಕೂತು, ಗದ್ದಕ್ಕಲ್ಲ, ಎದೆಗೆ ಆನಿಸಿ
ನುಡಿಸುತ್ತಾಳೆ, ಅವನ ಹಾಗೇ.

ಮೂರನೆಯ ಸಾಲಿನಲ್ಲಿ ಒಂದು ಸ್ವರ ಇಲ್ಲ.
ಕಲ್ಲಿದ್ದಲ ಗಣಿ ಅವನ ಕಿರುಬೆರಳು ತಿಂದ
ವರ್ಷದಿಂದ ಇಲ್ಲ.
ಊರಾಚೆಯ ಮೇಷ್ಟ್ರೊಬ್ಬರು ಕೇಳಿ
‘ಇಲ್ಲಿ ತಪ್ಪಿದೆ ಮಗೂ’ ಎಂದರು,
ಪೆನ್ಸಿಲಿನಲ್ಲಿ ಬರೆದೂ ಕೊಟ್ಟರು.

ಅವಳಿಗೆ ಹತ್ತೂ ಬೆರಳಿವೆ.
ಆ ಜಾಗ ಬಂದಾಗ ಕಿರುಬೆರಳು ಏಳುತ್ತದೆ,
ತಂತಿಯಿಂದ ಕೂದಲೆಳೆ ದೂರದಲ್ಲಿ ನಿಲ್ಲುತ್ತದೆ,
ಮುಟ್ಟದೆ ಮಡಚಿಕೊಳ್ಳುತ್ತದೆ.

ಒಳಗೆ ಬಾಲ
ಗಿಲಕ್ಕೆನ್ನುತ್ತದೆ.