ಉಸಿರೆಣಿಕೆ

ಹೇ ಎಂಬುದೇ ಈ ಊರಿನ ಹೆಸರು.
ಕೂಗಿದರೆ ಓಗೊಡಲು ಒಂದು ಗುಡ್ಡವೂ ಇಲ್ಲ.
ಪೇಟೆ ದಾಟಿ ಇಪ್ಪತ್ತು ಮೈಲಿ, ನ್ಯೂ ಸೌತ್ ವೇಲ್ಸಿನ ಈ ಬಯಲು
ಒಲೆಯ ಮೇಲೆ ಮರೆತ ಹೆಂಚು.

ನನ್ನ ಕೆಲಸ ಸಣ್ಣದು:
ಕುರಿಯ ಪಕ್ಕೆ ನೋಡುತ್ತ ಕೂರುವುದು,
ನಿಮಿಷಕ್ಕೆ ಎಷ್ಟು ಸಲ ಉಬ್ಬಿ ಇಳಿಯಿತೆಂದು
ಬರೆದಿಡುವುದು.

ಮೂರು ಹಿಂಡು. ಬೆನ್ನ ಮೇಲೆ ಬಣ್ಣದ ಗೀರು.
ತಗಡಿನ ಕೊಟ್ಟಿಗೆಯವಕ್ಕೆ ನೀಲಿ,
ನೆರಳುಬಲೆಯ ಕೆಳಗಿನವಕ್ಕೆ ಹಸಿರು,
ಏನೂ ಇಲ್ಲದವಕ್ಕೆ ಕೆಂಪು.
ಬೆಳಗಿನ ಏಳಕ್ಕೆ ಮೂರೂ ಒಂದೇ: ಮೂವತ್ತು, ಮೂವತ್ತೆರಡು,
ನಿದ್ದೆಯಿಂದೆದ್ದ ಮಗುವಿನ ಲೆಕ್ಕ.

ಹನ್ನೊಂದಕ್ಕೆ ಗಾಳಿ ಬಿದ್ದುಹೋಗುತ್ತದೆ.
ಹಸಿರು ಎಂಬತ್ತು. ಕೆಂಪು ನೂರನಲವತ್ತು.
ನೀಲಿಯ ಹತ್ತಿರ ಹೋಗಲು ಮೂಗು ಮುಚ್ಚಬೇಕು:
ಉಚ್ಚೆಯ ಖಾರ, ಕಾಲಡಿ ಪುಡಿಯಾದ ಹಿಕ್ಕೆ,
ತಲೆಯ ಮೇಲೆ ಕಾದ ತಗಡು ಟಪ್ ಟಪ್ ಎನ್ನುತ್ತದೆ
ಯಾರೋ ಹಲ್ಲು ಕಡಿದ ಹಾಗೆ.
"ಸೂರಿದ್ದರೆ ಸಾಕು ಅಂತ ಕಟ್ಟಿದ್ದ ಬೆವನ್"
ಎಂದು ಸತ್ತ ಗಂಡನ ಪರವಾಗಿ
ಮೇವಿಸ್ ಪೆಂಗೆಲಿ ತಪ್ಪೊಪ್ಪಿಕೊಳ್ಳುತ್ತಾಳೆ.
ಮೂರು ಕಡೆ ಗೋಡೆ, ಚಳಿಗಾಲದ ಮರಿಗಳಿಗೆಂದು.
ಚಳಿಗೆ ಕಟ್ಟಿದ ಮನೆ ಸೆಕೆಗೆ ಸೆರೆ.
ರಾತ್ರಿ ಹತ್ತಕ್ಕೆ ಬಯಲಿನವು ಮೆಲುಕು ಹಾಕುತ್ತಿದ್ದರೆ
ನೀಲಿಯವು ಇನ್ನೂ ಏದುತ್ತಿದ್ದವು.
ಸೂರ್ಯ ಹೋದದ್ದನ್ನು ಸೂರು ನಂಬಿರಲಿಲ್ಲ.

ಮರುದಿನ ಅವಳೇ ಸುತ್ತಿಗೆ ಹಿಡಿದು ಬಂದಳು.
ದಕ್ಷಿಣದ ತಗಡು ಕಳಚಿ ಬಿದ್ದಾಗ
ಕೊಟ್ಟಿಗೆ ಒಂದು ಸಲ ಉಸಿರುಬಿಟ್ಟಿತು;
ಅದನ್ನು ನಾನು ಎಣಿಸಲಿಲ್ಲ.
ನಿನ್ನ ಪ್ರಯೋಗ ಕೆಟ್ಟಿತಾ? ಎಂದಳು.
ಕೆಟ್ಟಿತು, ಎಂದೆ.
ಸರಿ, ಎಂದು ಕಿತ್ತ ಮೊಳೆಗಳನ್ನು ಹಲ್ಲಲ್ಲಿ ಕಚ್ಚಿಕೊಂಡು
ಪಕ್ಕದ ತಗಡಿಗೆ ಹೋದಳು.

ಇಲ್ಲಿ ಮರಗಳಿದ್ದವಂತೆ. ಬೋರೀ ಅಂತ,
ಜಾಲಿಯ ಕುಲ, ಜೋಲುವ ಬೂದು ಎಲೆ.
ಬರಗಾಲದಲ್ಲಿ ಕೊಂಬೆ ಕಡಿದು ಕುರಿಗೇ ಹಾಕಿದರು,
ಉಳಿದ ಬೊಡ್ಡೆ ಬೇಲಿಗೂಟವಾಯಿತು.
ಈಗ ಗೂಟಕ್ಕೊಂದು ಗೂಟದಗಲ ನೆರಳು;
ಅದರಲ್ಲಿ ಮೂಗಿಟ್ಟು ನಿಂತ ಕುರಿ
ಅದು ಸರಿದಂತೆ ತಾನೂ ಸರಿಯುತ್ತದೆ
ಗಂಟೆಮುಳ್ಳಿನ ತಾಳ್ಮೆಯಲ್ಲಿ.

ಉಳಿದವು ಗುಂಪಾಗುತ್ತವೆ.
ಕುರಿಮಂದೆ ಎಂದು ನಾವು ಬೈಯುವುದು ಇದನ್ನೇ:
ಎಲ್ಲವೂ ತಲೆ ತಗ್ಗಿಸಿ, ಒಂದಕ್ಕೊಂದು ಅಂಟಿ.
ಬಗ್ಗಿ ನೋಡಿ.
ಒಂದರ ತಲೆ ಇನ್ನೊಂದರ ಹೊಟ್ಟೆಯ ಕೆಳಗಿದೆ.
ಇದ್ದಷ್ಟು ನೆರಳನ್ನು ಕೈಗಡ ಕೊಟ್ಟುಕೊಂಡು ನಿಂತಿವೆ.
ಬೆನ್ನನ್ನು ತುಪ್ಪಟ ನೋಡಿಕೊಳ್ಳುತ್ತದೆ.
ನಾನು ಬಿಡಿಸಿ ನೋಡಿದ್ದೇನೆ: ತುದಿಗೆ ಬೆರಳಿಟ್ಟರೆ ಸುಡುತ್ತದೆ,
ಬುಡದಲ್ಲಿ ಬೆಣ್ಣೆ ಬಣ್ಣದ ತಂಪು.
ಮುಖಕ್ಕೆ ತುಪ್ಪಟವಿಲ್ಲ.

ನಲವತ್ನಾಲ್ಕು ಡಿಗ್ರಿಯ ಆ ದಿನ
ಅಂಚಿಗುಳಿದದ್ದು ಹದಿನೇಳನೆಯದು, ಗಬ್ಬದ ಕುರಿ.
ಅಂಚಿನದಕ್ಕೆ ಯಾರ ಹೊಟ್ಟೆ?
ಬಾಯಿ ತೆರೆದಿತ್ತು, ನಾಲಿಗೆ ಹೊರಗೆ.
ಇನ್ನೂರ ಹತ್ತು, ಇನ್ನೂರ ಇಪ್ಪತ್ತು,
ಎಣಿಸುತ್ತ ಎಣಿಸುತ್ತ ನನ್ನುಸಿರೂ ಅದರ ಹಿಂದೆ ಓಡಿ
ಅಂಕಿ ಯಾರದೆಂದೇ ತಿಳಿಯದಾಯಿತು.
ಅದು ನನ್ನನ್ನು ನೋಡಿತು.
ನನ್ನನ್ನಲ್ಲ, ನನ್ನ ಪಕ್ಕದ ಮಣ್ಣಲ್ಲಿ
ಬಿದ್ದಿದ್ದ ಕಪ್ಪು ತುಂಡನ್ನು.
ಮೂರು ಹೆಜ್ಜೆ ಬಂತು, ನಿಂತಿತು, ಇನ್ನೊಂದು ಬಂತು,
ನನ್ನ ನೆರಳಿನೊಳಗೆ ಮುಖವಿಟ್ಟಿತು.

ಮೆಲ್ಲನೆ ಮೊಣಕೈ ಅಗಲಿಸಿದೆ
ಒಂದು ರೆಂಬೆಯಷ್ಟು.
ನಾಲ್ಕೂವರೆವರೆಗೆ ಅಲುಗಲಿಲ್ಲ.
ನೊಣ ಕೂತವು, ಎದ್ದವು, ಕುತ್ತಿಗೆ ಉರಿದು ಬೊಬ್ಬೆಯಾಯಿತು.
ನೂರ ತೊಂಬತ್ತು.
ನೂರ ಎಪ್ಪತ್ತಾರು.

ಸಂಜೆ ತಖ್ತೆ ತುಂಬುವಾಗ
ಹದಿನೇಳರ ಸಾಲಿಗೆ ಅಡ್ಡಗೆರೆ ಎಳೆದು
ಷರಾ ಕಾಲಮ್ಮಿನಲ್ಲಿ ಬರೆದೆ:
ಈ ಅಂಕಿ ಬಳಸಬಾರದು. ನೆರಳಿತ್ತು.