ಅರ್ಕಾವತ್ತು

ನನ್ನ ಹೆಸರು ಸರ್ವಮಂಗಳ.
ಪೀಣ್ಯದ ಗಾರ್ಮೆಂಟಿನಲ್ಲಿ ಬರೀ ಮಂಗಳ.
ಮೊದಲ ಎರಡಕ್ಷರ ಬಿಟ್ಟದ್ದು ಷೋಕಿಗಲ್ಲ,
ಆ ಅರ್ಕಾವತ್ತು ಯಾವ ಅಕ್ಷರದ ಬಾಲ ಹಿಡಿಯುತ್ತದೋ
ಕೊನೆಗೂ ನನಗೆ ಗೊತ್ತಾಗಲಿಲ್ಲ.

ಶ್ರೀರಾಂಪುರದ ಶಾಲೆಯಲ್ಲಿ ಒಮ್ಮೆ
ಸವರ್ಮಂಗಳ ಎಂದು ಬರೆದೆ.
ಮೇಷ್ಟ್ರು ಗಟ್ಟಿಯಾಗಿ ಓದಿದರು. ಮೂರು ಬೆಂಚು ಒಟ್ಟಿಗೆ ನಕ್ಕವು.
ಆ ವರ್ಷವೆಲ್ಲ ಹುಡುಗಿಯರು
"ಸವರು, ಸವರು" ಎನ್ನುತ್ತ ನನ್ನ ಬೆನ್ನು ಸವರಿ ಹೋಗುತ್ತಿದ್ದರು.

ಮ, ಯ ಅಣ್ಣತಮ್ಮಂದಿರು,
ಒಬ್ಬನನ್ನು ಕರೆದರೆ ಇನ್ನೊಬ್ಬ ಓಗೊಡುತ್ತಾನೆ.
ಪ ಹೊಟ್ಟೆಗೊಂದು ಗೀಟು ಬಿದ್ದರೆ ಷ,
ಬಿದ್ದಿತ್ತೋ ಇಲ್ಲವೋ, ಮತ್ತೆ ನೋಡುವಷ್ಟರಲ್ಲಿ
ಎಲ್ಲರೂ ಪುಟ ತಿರುವಿ ಆಗಿರುತ್ತಿತ್ತು.
ಬೇರೆಯವರಿಗೆ ಸಾಲಾಗಿ ಕೂರುವ ಅಕ್ಷರ
ನನಗೆ ಸಂಜೆ ಆರರ ಮೆಜೆಸ್ಟಿಕ್ಕು.
258 ಎಂದುಕೊಂಡು 285 ಹತ್ತಿ
ಯಲಹಂಕ ನೋಡಿಕೊಂಡು ಬಂದವಳು ನಾನು.

ಬ್ಯಾಂಕಿನಲ್ಲಿ ಚಲನ್ ಹಿಡಿದು ಪಕ್ಕದವರಿಗೆ ಹೇಳುತ್ತೇನೆ:
"ಕನ್ನಡಕ ಮರೆತೆ ಸಾರ್, ಸ್ವಲ್ಪ ಬರೆದುಕೊಡಿ."
ಇಪ್ಪತ್ತು ವರ್ಷದಿಂದ ಮರೆಯುತ್ತಲೇ ಇದ್ದೇನೆ
ಕೊಂಡೇ ಇಲ್ಲದ ಕನ್ನಡಕ.
ಕರೆಂಟು ಹೋದಾಗಲೂ ಸೂಜಿಗೆ ದಾರ ಪೋಣಿಸುವವಳು ನಾನೇ.

ಕಟಿಂಗ್ ಟೇಬಲ್ಲಿನ ಮುಂದೆ ಮಾತ್ರ ಯಾರೂ ನಗುವುದಿಲ್ಲ.
ಎಡತೋಳು ಮಗುಚಿದರೆ ಬಲತೋಳು,
ಒಳಮೈ ತಿರುವಿದರೆ ಹೊರಮೈ.
ಹೊಲಿದ ಅಂಗಿಯನ್ನು ಕಣ್ಣೊಳಗೇ ಬಿಚ್ಚಿ
ಚಪ್ಪಟೆಯಾಗಿ ಹರಡಬಲ್ಲೆ.
ಕಂಪ್ಯೂಟರು ಹಾಕಿಕೊಟ್ಟ ಮಾರ್ಕರಿನಲ್ಲಿ
ಕಾಲರನ್ನು ತಲೆಕೆಳಗು ಮಾಡಿ ಕಂಕುಳ ಸಂದಿಗೆ ತೂರಿಸಿದೆ.
ಲೇಯಿಗೆ ಮುಕ್ಕಾಲು ಮೀಟರು ಉಳಿಯಿತು.
ವರದಿ ಬರೆದದ್ದು ಸೂಪರ್‌ವೈಸರು. ಸಹಿಯೂ ಅವನದೇ.
"ಓದಿದ್ದಿದ್ದರೆ ಈಕೆ ಎಲ್ಲಿರಬೇಕಿತ್ತೋ" ಅಂದ.
ನಾನು ಅಲ್ಲೇ ಇದ್ದೆ. ಕತ್ತರಿ ಕೈಯಲ್ಲಿತ್ತು.

ಮೊನ್ನೆ ಮಗಳ ಶಾಲೆಯಿಂದ ಕರೆ.
ರಾಜಾಜಿನಗರ, ಎರಡನೇ ಮಹಡಿ, ತಣ್ಣನೆ ಕೋಣೆ.
ಮೇಡಂ ಮೆತ್ತಗೆ ಹೇಳಿದರು: ಐಸಿರಿಗೆ ಡಿಸ್ಲೆಕ್ಸಿಯಾ.
ಒಂದೇ ಪದಕ್ಕೆ ಎರಡು ಒತ್ತು.
ಹೆಸರಿಟ್ಟವನಿಗೆ ನಮ್ಮ ಮೇಲೆ ಏನು ಹಗೆಯೋ.
"ಬುದ್ಧಿಗೇನೂ ಕೊರತೆಯಿಲ್ಲ, ಆದರೆ..."
ಆ ಆದರೆಯನ್ನು ನಾನು ಚಿಕ್ಕಂದಿನಿಂದ ಬಲ್ಲೆ,
ಕಾಗುಣಿತ ತಪ್ಪದೆ.

ಪಕ್ಕದ ಟೀಚರು ಕೈ ಹಿಡಿದುಕೊಂಡರು:
"ಇಂಥ ಮಕ್ಕಳೇ ಅಮ್ಮ, ಮುಂದೆ ಜೀನಿಯಸ್ ಆಗೋದು."
ಆಗದಿದ್ದರೆ?
ಲೆಕ್ಕದಲ್ಲಿ ಅರವತ್ತು ತೆಗೆದುಕೊಂಡು, ಜಗಳಗಂಟಿಯಾಗಿ,
ಬರೀ ಐಸಿರಿಯಾಗಿ ಉಳಿದರೆ
ಆಗಲೂ ಹೀಗೇ ಕುರ್ಚಿ ಎಳೆದು ಕೂರಿಸುತ್ತೀರಾ?
ಕೇಳಲಿಲ್ಲ. ಅವರು ಕೊಟ್ಟ ಟೀ ಕುಡಿದೆ.
ಸಕ್ಕರೆ ಜಾಸ್ತಿಯಾಗಿತ್ತು.

ಬಸ್ಸಿನಲ್ಲಿ ಅವಳು ಕೇಳಿದಳು:
"ಅಮ್ಮಾ, ಸೂರ್ಯ ಅನ್ನುವಾಗ ರ್ ಸದ್ದು ಮೊದಲು ಬರುತ್ತೆ,
ಬರೆಯುವಾಗ ಯ ಆದಮೇಲೆ ಹಾಕ್ತಾರೆ.
ಮುಂದಿಂದು ಹಿಂದೆ.
ಅವರು ಮಾಡಿದ್ರೆ ವ್ಯಾಕರಣ,
ನಾನು ಮಾಡಿದ್ರೆ ಯಾಕೆ ತಪ್ಪು?"

ಬಸ್ಸು ನವರಂಗದ ಸಿಗ್ನಲ್ಲಿನಲ್ಲಿ ನಿಂತಿತ್ತು.
ಮುಂದಿನ ಸೀಟಿನ ಹಿರಿಯರೊಬ್ಬರು,
ಮಡಿಲಲ್ಲಿ ಪೇಪರು, ಮೂಗಿನ ಮೇಲೆ ನಿಜವಾದ ಕನ್ನಡಕ,
ತಿರುಗಿ ನೋಡಿದರು. ಏನೋ ಹೇಳಹೊರಟರು.
ಹಸಿರು ಬಿತ್ತು.

ರಾತ್ರಿ ಶಾಲೆಯ ಫಾರಂ ತೆಗೆದೆ. ಪೋಷಕರ ಸಹಿ.
ಕನ್ನಡಕ ಮರೆತೆ ಎನ್ನೋಣವೆಂದರೆ
ಮನೆಯಲ್ಲಿದ್ದದ್ದು ನಾವಿಬ್ಬರೇ.
ಪೂರ್ತಿ ಹೆಸರು ಬರೆದೆ,
ರೇಷ್ಮೆಯ ಮೇಲೆ ಸೀಮೆಸುಣ್ಣ ಎಳೆಯುವಷ್ಟು ನಿಧಾನ.
ಅರ್ಕಾವತ್ತು ಒಂದು ಮನೆ ಆಚೆ ಹೋಗಿ ಕೂತಿತೋ ಏನೋ.
ಐಸಿರಿ ಬಗ್ಗಿ ನೋಡಿ "ಸರಿಯಾಗಿದೆ" ಅಂದಳು.
ಈ ವಿಷಯದಲ್ಲಿ ಅವಳ ಮಾತು ನಂಬುವ ಹಾಗಿಲ್ಲ.
ಫಾರಂ ಮಡಚಿ ಅವಳ ಬ್ಯಾಗಿಗೆ ಹಾಕಿದೆ.