ಚೀಟಿಯ ಕೆಳಗಿನ ಸಾಲು

ಮಗ್ಗ ನಿಂತು ಎಂಟು ತಿಂಗಳಾತು,
ಸಪ್ಪಳ ನಿಂತಿಲ್ಲ.
ಅಶೋಕ ಚೌಕಿನ ಶೆಡ್ಡಿಗೆ ಸೇಠ ಕೀಲಿ ಜಡದು
ಇಪ್ಪತ್ನಾಕು ಮಗ್ಗ ಗುಜರಿಗೆ ತೂಕಕ್ಕ ಹಾಕಿದ.
ಕಬ್ಬಿಣ ಹೋತು. ಖಟಾಖಟ್ ಮಾತ್ರ
ನನ್ನ ಕಿವ್ಯಾಗ ಉಳೀತು,
ಬಾಡಿಗಿ ಕೊಡದ ಬಿಡಾರದವನಂಗ.

ರಾತ್ರಿ ಎರಡಕ್ಕ ಎದ್ದು ಕೂಡತಿದ್ದೆ.
ಕೈ ತಾನಾಗೇ ಹಾಸಿಗಿ ಮ್ಯಾಲ
ಹರದ ಎಳಿ ಹುಡುಕತಿತ್ತು.
ಸುಗಲಾ ಆ ಕೈ ಹಿಡದು
“ಇಲ್ಲೇನೂ ಹರದಿಲ್ಲರಿ, ಮಲಗ್ರಿ” ಅನ್ನಾಕಿ.
ಹರದಿತ್ತು.
ಎಲ್ಲಿ ಅಂತ ತೋರಸಾಕ ನನಗ ಬರತಿದ್ದಿಲ್ಲ.

ಸಿವಿಲ್ ಆಸ್ಪತ್ರಿ, ಹದಿನಾಕನೇ ಖೋಲಿ.
ಬಾಗಲದ ಪಾಟಿ ಓದಿ ಮಂದಿ ತೆಲಿ ತಗ್ಗಿಸಿ ಒಳಗ ಹೋಗತಾರ.
ನಾನೂ ಹೋದೆ, ಮಾರಿಗೆ ಟವಲ್ ಸುತ್ತಿ,
ನಾನೇ ನೇಯ್ದ ಟವಲ್.
ಡಾಕ್ಟರಬಾಯಿ ಎರಡು ಗುಳಿಗಿ ಬರದರು.
ಕೆಳಗ ಒಂದು ಗೆರಿ ಎಳದು, ಮರಾಠಿಯಾಗ:
ರೋಜ ಸಕಾಳಿ, ತಳ್ಯಾಕಾಠಿ, ಅರ್ಧಾ ತಾಸ.
ಗುಳಿಗಿ ಕಂಪೌಂಡರ್ ಎಣಿಸಿ ಕೊಟ್ಟ.
ತಲಾವ ಕೊಡೋ ಕಿಡಕಿ ಯಾವುದು ಅಂತ ಕೇಳಿದೆ.
ನಕ್ಕ. ನಾ ಚಾಷ್ಟಿಗೆ ಕೇಳಿದ್ದಿಲ್ಲ.

ವಿಜಾಪುರ ರಸ್ತಾದ ಕಂಬರ ತಲಾವ
ಚಿತ್ರದಾಗಿನ ಕೆರಿ ಅಲ್ಲ, ಮೊದಲೇ ಹೇಳತೀನಿ.
ದಂಡಿಗೆ ಗಣಪ್ಪನ ಮುರದ ಸೊಂಡಿ, ಪ್ಲಾಸ್ಟಿಕ್ ಹಾರ.
ಬ್ಯಾಸಗ್ಯಾಗ ನಾತ.
ಅರ್ಧ ನೀರು ಅಂತರಗಂಗಿ ಪಾಲು,
ಉಳದ ಅರ್ಧದಾಗ ತಾವರಿ.
ಮೊದಲನೇ ದಿನ ಗೇಟಿನ ತನಕ ಹೋಗಿ ತಿರುಗಿ ಬಂದೆ.
ಎರಡನೇ ದಿನ ಕಟ್ಟಿ ಮ್ಯಾಲ ಕುಂತು
ಚಪ್ಪಲಿ ನೋಡಿ ಬಂದೆ.

ಮೂರನೇ ವಾರದಾಗ ದೇವನಕ್ಕಿ ಕಂಡೆ.
ಹೆಸರು ಹೇಳಿದ್ದು ಮೌಲಾಲಿ ಚಾಚಾ,
ಎಸ್‌ಟಿ ಕಂಡಕ್ಟರಕಿ ಮುಗಿಸಿ
ಈಗ ಹಕ್ಕಿಗಳ ಹಾಜರಿ ತಗೊಳ್ಳೋ ಮನಿಶಾ.
ಉದ್ದ ಬೆರಳು, ಸಣ್ಣ ಮೈ.
ಎಲಿಯಿಂದ ಎಲಿಗೆ ನಡೀತದ.
ಎಲಿ ಬಾಗತದ, ಅಂಚಿಗೆ ನೀರು ಏರತದ,
ಅಷ್ಟರಾಗ ಅದು ಮುಂದಿನ ಎಲಿ ಮ್ಯಾಲ.
ಮೂವತ್ತು ವರ್ಷ ಎಳಿ ಎಣಿಸಿದ ಕಣ್ಣು,
ಎಲಿ ಎಣಿಸಿದವು. ಹದಿನೇಳು.
ಎಣಿಕಿ ಮುಗದಾಗ ತಿಳೀತು,
ಹದಿನೇಳು ಎಲಿ ತನಕ
ಕಿವ್ಯಾಗ ಮಗ್ಗ ನಡದಿದ್ದಿಲ್ಲ.

ತಿಳದ ಕೂಡಲೇ ಮತ್ತ ಶುರುವಾತು.
ಇರಲಿ.

ಬಾಕಿನ ಆ ತುದಿಗೆ ಅಂಬುಬಾಯಿ ಗುಂಡೇಟಿ,
ಮಡಿಲಾಗ ಮರ, ಮರದಾಗ ತಂಬಾಕ.
“ಮನ್ಯಾಗ ಗ್ವಾಡಿ ನೋಡಿ ಕಟ್ಟಿದ್ರೂ ಸಾವಿರ ಬೀಡಿ,
ಇಲ್ಲಿ ನೀರು ನೋಡಿ ಕಟ್ಟಿದ್ರೂ ಸಾವಿರ.
ಉಸುರು ಬ್ಯಾರೆ, ಅಣ್ಣಾ” ಅಂದಳು, ಅರ್ಧ ತೆಲುಗಿನಾಗ.
ಚಾಚಾಂದು ದಖನಿ, ನಂದು ಕನ್ನಡ,
ನಡುವ ಕಪ್ಪಿಗಳ ವಟವಟ.
ಯಾಕ ಬರತಿ ಅಂತ ಇಲ್ಲಿ ಯಾರೂ ಕೇಳಂಗಿಲ್ಲ.
ನಿನ್ನೆ ಯಾಕ ಬರಲಿಲ್ಲ ಅಂತ ಕೇಳತಾರ.

ಹ್ವಾದ ಸೋಮವಾರ ಮಹಾಪಾಲಿಕೆ ಮಂದಿ ಬಂದ್ರು,
ಟೇಪು, ಸುಣ್ಣ, ಕಾಗದ.
ದಂಡಿಗೆ ಫರಸಿ, ಗಾಡಿ ನಿಲ್ಲಸಾಕ ಜಾಗಾ.
ಬೇವಿನ ಬೊಡ್ಡಿಗೆ ಗುಣಾಕಾರದ ಗುರುತು ಹಾಕಿದ್ರು.
ನಾನು ಎದ್ದು ಅಡ್ಡ ನಿಂತೆ.
ಮೀಟಿಂಗಿನಾಗ ಎಂದೂ ಬಾಯಿ ತೆಗೀದವ,
ಅವತ್ತೂ ಮಾತು ಬರಲಿಲ್ಲ.
ಕಿಸೆದಾಗಿನ ಚೀಟಿ ತೆಗದು ಕೊಟ್ಟೆ,
ಕೆಳಗಿನ ಸಾಲಿಗೆ ಬೆರಳು ಇಟ್ಟೆ.
ಹುಡುಗ ಇಂಜಿನಿಯರ್ ಓದಿದ.
ಮತ್ತೊಮ್ಮೆ ಓದಿದ.
“ಇದಕ್ಕ ಅರ್ಜಿ ಕೊಡಬೇಕ್ರಿ ಕಾಕಾ” ಅಂದು
ಚೀಟಿ ಮಡಚಿ ವಾಪಸ್ ಕೊಟ್ಟ, ಜ್ವಾಕಿಯಿಂದ.
ಬೇವು ಇನ್ನೂ ಅದ. ಗುರುತೂ ಅದ.
ಅಂಬುಬಾಯಿ ಹೆಬ್ಬೆಟ್ಟು, ಚಾಚಾನ ಉರ್ದು ಸಹಿ, ನನ್ನ ಕನ್ನಡ,
ಮರಾಠಿ ಅರ್ಜಿಯ ಕೆಳಗ ಕುಂತಾವ.

ಗುಳಿಗಿ ಈಗ ಒಂದ.
ನಿನ್ನೆ ಐತವಾರ ಸುಗಲಾನೂ ಬಂದಿದ್ದಳು.
ನಾತಕ್ಕ ಸೆರಗು ಮೂಗಿಗೆ ಒತ್ತಿದಳು, ಆಮ್ಯಾಲ ಮರತಳು.
ರೂಢಿಯಂಗ ನನ್ನ ಕೈ ಹಿಡದಳು.
ಕೈ ಏನೂ ಹುಡುಕತಿದ್ದಿಲ್ಲ.
ಆಕಿ ಬಿಡಲಿಲ್ಲ.